ಕಿನ್ನರಿ

ದಂಡಿಗೆ ಸೋರೆಬುರುಡೆ ಕಟ್ಟಿ, ಮೆಟ್ಟು ಕೂರಿಸಿ, ತಂತಿ ಬಿಗಿದ ಹಳೆಯ ವಾದ್ಯ. ಆಡುಮಾತಿನಲ್ಲಿ ಕಿಂದರಿ. ದೇವಲೋಕದ ಗಾಯಕರಾದ ಕಿನ್ನರರಿಂದ ಈ ಹೆಸರು ಬಂತೆಂಬುದು ರೂಢಿಯ ವಿವರಣೆ. ಹಾಗಾಗಿ ಹಳೆಯ ಕಾವ್ಯಗಳಲ್ಲಿ ‘ಕಿನ್ನರಿ’ ಎಂದರೆ ಕಿನ್ನರಸ್ತ್ರೀಯೋ ವಾದ್ಯವೋ ಎಂಬುದನ್ನು ಸಂದರ್ಭ ನೋಡಿಯೇ ತಿಳಿಯಬೇಕು. ‘ಕಿನ್ರಿ’ ಎಂದು ಬೇಗ ಹೇಳಿದರೆ ನಕಾರ ರಕಾರಗಳ ನಡುವೆ ದಕಾರ ತಾನಾಗಿ ನುಸುಳುತ್ತದೆ. ಸಂಸ್ಕೃತದ ವಾನರ ಹಿಂದಿಯಲ್ಲಿ ಬಂದರ್ ಆದದ್ದೂ ಹೀಗೆಯೇ. ಕಿಂದರಿ ಅಪಭ್ರಂಶವೆಂದು ತಳ್ಳುವ ಮಾತಲ್ಲ, ನಾಲಿಗೆ ಪಳಗಿಸಿಕೊಂಡ ರೂಪ.

13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಕಿರಿದು, ಹಿರಿದು ಎಂದು ಕಿನ್ನರಿಯ ಭೇದಗಳನ್ನು ಹೇಳುತ್ತಾನೆ. ಹದ್ದಿನ ಎಲುಬಿನಿಂದ ಮಾಡಿದ ಮೆಟ್ಟುಗಳನ್ನು, ಸುಟ್ಟ ಬಟ್ಟೆಯ ಬೂದಿ ಕಲಸಿದ ಮೇಣದಿಂದ ದಂಡಿಗೆ ಅಂಟಿಸುತ್ತಿದ್ದರು. ಮೆಟ್ಟಿರುವ ವೀಣೆಗಳ ಚರಿತ್ರೆಯಲ್ಲಿ ಕಿನ್ನರಿಗೆ ದೊಡ್ಡ ಸ್ಥಾನ ಸಲ್ಲುವುದು ಇದರಿಂದಲೇ.

ಕನ್ನಡದಲ್ಲಿ ಈ ವಾದ್ಯ ಒಬ್ಬ ಶರಣನ ಹೆಸರಿಗೇ ಅಂಟಿಕೊಂಡಿದೆ. ಅಕ್ಕಸಾಲಿಗನಾಗಿದ್ದ ಬೊಮ್ಮಯ್ಯ 12ನೆಯ ಶತಮಾನದ ಕಲ್ಯಾಣದಲ್ಲಿ ತ್ರಿಪುರಾಂತಕನ ಗುಡಿಯಲ್ಲಿ ಕಿನ್ನರಿ ನುಡಿಸಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದನೆಂದು ಸಂಪ್ರದಾಯ ಹೇಳುತ್ತದೆ. ಕಿನ್ನರಿ ಬೊಮ್ಮಯ್ಯನ ವಚನಗಳ ಅಂಕಿತ ‘ಮಹಾಲಿಂಗ ತ್ರಿಪುರಾಂತಕ’.

ಅರಮನೆ, ಗುಡಿಗಳಿಂದ ದೂರವಾದ ಮೇಲೂ ವಾದ್ಯವನ್ನು ಉಳಿಸಿಕೊಂಡವರು ಜೋಗಿಗಳು. ಕಿನ್ನರಿಗೆ ನವಿಲುಗರಿ ಸಿಕ್ಕಿಸಿಕೊಂಡು ಊರೂರು ತಿರುಗಿ, ಅರ್ಜುನ ಜೋಗಿಯಾದ ಕಥೆಯನ್ನು ಹಾಡುತ್ತಿದ್ದವರು ಅವರು. ಕಿಂದರಿಜೋಗಿ ಎಂಬ ಜೋಡಿಪದ ಹುಟ್ಟಿದ್ದು ಹೀಗೆ.

ಈ ಪದವನ್ನು ಮನೆಮನೆಗೆ ಮುಟ್ಟಿಸಿದ ಕವಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವಿತೆಯಲ್ಲಿ ಇಲಿಗಳನ್ನು ಸೆಳೆದೊಯ್ಯುವವನು ಕೊಳಲೂದುವವನು. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಕುವೆಂಪು ಅವನನ್ನು ಜೋಗಿಯಾಗಿಸಿದರು. ಹ್ಯಾಮೆಲಿನ್ ಪಟ್ಟಣದ ಕಥೆ ನಮ್ಮ ಊರಿನದೇ ಎನಿಸುವುದಕ್ಕೆ ಆ ಒಂದು ಪದ ಸಾಕಾಯಿತು. ಕನ್ನಡಕ್ಕೆ ಬಂದ ಕಥೆಗಳಲ್ಲಿ ಇಷ್ಟು ಚೆಂದದ ಪದದ ಆಯ್ಕೆ ಅಪರೂಪ.

ಕನ್ನಡ ಬೈಬಲಿನ ಕೀರ್ತನೆಗಳಲ್ಲಿಯೂ ದೇವಸ್ತುತಿಯ ತಂತಿವಾದ್ಯ ಕಿನ್ನರಿಯೇ. ತೆಲಂಗಾಣದಲ್ಲಿ ಅದು ಕಿನ್ನೆರ. 12 ಮೆಟ್ಟಿನ ಕಿನ್ನೆರ ನುಡಿಸುವ ದರ್ಶನಂ ಮೊಗಿಲಯ್ಯ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಕುವೆಂಪು ಪದ್ಯವನ್ನು ಮಕ್ಕಳಿಗೆ ಓದಿಸುವವರು ಒಂದು ಮಾತನ್ನು ಮರೆಯದೆ ಹೇಳಬೇಕು: ಕಿಂದರಿ ಕೊಳಲಲ್ಲ, ಬುರುಡೆ ಕಟ್ಟಿದ ತಂತಿವಾದ್ಯ.