ಅಣುಬಾಂಬ್ ಕೂರುವ ಜಾಗದಲ್ಲಿ ಅಂಚೆ ಡಬ್ಬಿ!

ಕ್ಷಿಪಣಿಯ ಮೂತಿಯಲ್ಲಿ ಏನಿರುತ್ತೆ ಅಂತ ಚಿಕ್ಕ ಮಕ್ಕಳನ್ನು ಕೇಳಿದರೂ ಹೇಳ್ತಾರೆ, ಬಾಂಬ್ ಇರುತ್ತೆ ಅಂತ. ಆದರೆ 1959ರ ಜೂನ್ 8ರಂದು ಅಟ್ಲಾಂಟಿಕ್ ಸಾಗರದಿಂದ ಹಾರಿದ ಒಂದು ಅಮೆರಿಕನ್ ಕ್ಷಿಪಣಿಯ ಮೂತಿಯಲ್ಲಿದ್ದದ್ದು ಪತ್ರಗಳು. ಒಂದಲ್ಲ, ಎರಡಲ್ಲ, 3 ಸಾವಿರ ಪತ್ರಗಳು! ಅಂಚೆ ಚೀಟಿ ಅಂಟಿಸಿ, ಠಸ್ಸೆ ಹೊಡೆದು, ಎರಡು ಡಬ್ಬಿಗಳಲ್ಲಿ ತುಂಬಿ, ಅಣು ಸಿಡಿತಲೆ ಇರಬೇಕಾದ ಜಾಗದಲ್ಲಿ ಅವನ್ನು ಕೂರಿಸಿದ್ದರು.

ಆ ಲಕೋಟೆಗಳ ಠಸ್ಸೆಯಲ್ಲಿ ಯಾವ ಊರಿನ ಹೆಸರೂ ಇಲ್ಲ. ಇರೋದು ಒಂದು ಜಲಾಂತರ್ಗಾಮಿಯ ಹೆಸರು: ಯುಎಸ್ಎಸ್ ಬಾರ್ಬೆರೊ. ಅಮೆರಿಕದ ಯುದ್ಧನೌಕೆಗಳಲ್ಲಿ ಅಂಚೆ ಕಚೇರಿ ತೆರೆಯೋಕೆ 1908ರಲ್ಲೇ ಕಾನೂನು ಬಂದಿತ್ತು. ಹಾಗಾಗಿ ಹಡಗಿನ ಹೆಸರು, ದಿನಾಂಕ ಇರುವ ಇಂಥ ಲಕೋಟೆಗಳನ್ನು ಕೂಡಿಡುವ ದೊಡ್ಡ ಹವ್ಯಾಸಿ ಬಳಗವೇ ಅಲ್ಲಿದೆ. ಅವರ ಪಾಲಿಗೆ ಬಾರ್ಬೆರೊ ಲಕೋಟೆ ಅಂದ್ರೆ ತುಂಬಾ ವಿಶೇಷ.

ಹಾಗಂತ ಬಾರ್ಬೆರೊ ಹುಟ್ಟಿದ್ದು ಪತ್ರ ಹಂಚೋಕೆ ಅಲ್ಲ. ಎರಡನೇ ಮಹಾಯುದ್ಧ ನಡೀತಿದ್ದಾಗ, 1944ರ ಏಪ್ರಿಲ್‌ನಲ್ಲಿ ಅದು ಅಮೆರಿಕದ ನೌಕಾಪಡೆ ಸೇರಿತು. ಕೆಲಸ, ಪೆಸಿಫಿಕ್‌ನಲ್ಲಿ ಜಪಾನಿ ಹಡಗುಗಳ ಬೇಟೆ. ಅದೇ ವರ್ಷದ ಡಿಸೆಂಬರ್ 27ರಂದು ಇಂಡೋನೇಷ್ಯಾದ ಲೊಂಬೊಕ್ ಜಲಸಂಧಿಯಲ್ಲಿ ಶತ್ರು ವಿಮಾನದ ಬಾಂಬೊಂದು ತೀರಾ ಹತ್ತಿರ ಸಿಡಿದು, ಎಡಬದಿಯ ಗೇರ್ ವ್ಯವಸ್ಥೆಯೇ ಹಾಳಾಯ್ತು. ಅಲ್ಲಿಗೆ ಅದರ ಪಾಲಿನ ಯುದ್ಧ ಮುಗೀತು. ಯುದ್ಧದ ನಂತರ ಅದನ್ನು ಸರಕು ಸಾಗಿಸುವ ಜಲಾಂತರ್ಗಾಮಿ ಮಾಡಿ ನೋಡಿದರು. 1950ರಲ್ಲಿ ಮೂಲೆಗೆ ಸರಿಸಿದರು. 1955ರಲ್ಲಿ ಮತ್ತೆ ಹೊರಗೆ ತಂದರು, ಈ ಸಲ ಹೊಸ ವೇಷದಲ್ಲಿ. ಡೆಕ್ ಮೇಲೆ ಕ್ಷಿಪಣಿ ಇಡೋಕೆ ಒಂದು ಕೊಠಡಿ, ಅದರೊಳಗೆ ರೆಗ್ಯುಲಸ್ ಕ್ಷಿಪಣಿ.

ಈ ರೆಗ್ಯುಲಸ್ ನೋಡೋಕೆ ಪೈಲಟ್ ಇಲ್ಲದ ಪುಟ್ಟ ಜೆಟ್ ವಿಮಾನದ ಹಾಗೆ. ರೆಕ್ಕೆ ಇದೆ, ಜೆಟ್ ಎಂಜಿನ್ ಇದೆ. ಮೇಲೇಳೋವಾಗ ತಳ್ಳೋಕೆ ಮಾತ್ರ ರಾಕೆಟ್. ತರಬೇತಿಗೆ ಬಳಸುವ ಮಾದರಿಗೆ ಚಕ್ರಗಳೂ ಇದ್ದವು, ರನ್‌ವೇ ಮೇಲೆ ಇಳಿಸಿ ಮತ್ತೆ ಬಳಸಬಹುದಿತ್ತು. ಪತ್ರಗಳು ಸುಟ್ಟು ಬೂದಿಯಾಗದೆ ಉಳಿದದ್ದು ಈ ಚಕ್ರಗಳಿಂದಾನೇ!

ಬಾರ್ಬೆರೊದಲ್ಲಿದ್ದ ಪತ್ರಗಳ ಮೇಲೆ ಅವತ್ತಿನ ಬೆಳಿಗ್ಗೆ 9.30ರ ಠಸ್ಸೆ ಇತ್ತು. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಫ್ಲೋರಿಡಾ ಕರಾವಳಿಯಿಂದ ಸುಮಾರು 160 ಕಿ.ಮೀ. ದೂರದಲ್ಲಿ ಕ್ಷಿಪಣಿ ಹಾರಿತು. 22 ನಿಮಿಷದಲ್ಲಿ ಮೇಪೋರ್ಟ್ ನೌಕಾನೆಲೆಯಲ್ಲಿ ಇಳಿಯಿತು. ಅಲ್ಲಿ ಕಾಯ್ತಾ ನಿಂತಿದ್ದವರು ಯಾರು ಗೊತ್ತಾ? ಪೋಸ್ಟ್‌ಮಾಸ್ಟರ್ ಜನರಲ್ ಆರ್ಥರ್ ಸಮ್ಮರ್‌ಫೀಲ್ಡ್, ಅಂದರೆ ಆ ದೇಶದ ಅಂಚೆ ಸಚಿವ. ಎಲ್ಲ ಪತ್ರಗಳಿಗೂ ಸಹಿ ಅವರದ್ದೇ. ಅಧ್ಯಕ್ಷ ಐಸೆನ್‌ಹೋವರ್‌ಗೆ ಒಂದು, ಸರ್ಕಾರದ ದೊಡ್ಡವರಿಗೆಲ್ಲ ಒಂದೊಂದು, ಬಾರ್ಬೆರೊ ಸಿಬ್ಬಂದಿಗೂ ಒಂದೊಂದು. ವಿಶ್ವ ಅಂಚೆ ಒಕ್ಕೂಟದ ಸದಸ್ಯ ದೇಶಗಳ ಅಂಚೆ ಮುಖ್ಯಸ್ಥರಿಗೂ ಪತ್ರ ಇತ್ತು. ಮನುಷ್ಯ ಚಂದ್ರನನ್ನು ಮುಟ್ಟೋ ಮೊದಲೇ ನ್ಯೂಯಾರ್ಕಿನಿಂದ ಬ್ರಿಟನ್‌ಗೆ, ಭಾರತಕ್ಕೆ, ಆಸ್ಟ್ರೇಲಿಯಾಕ್ಕೆ ಕೆಲವೇ ಗಂಟೆಗಳಲ್ಲಿ ಕ್ಷಿಪಣಿಯಲ್ಲಿ ಪತ್ರ ಬರುತ್ತೆ ಅಂತ ಸಮ್ಮರ್‌ಫೀಲ್ಡ್ ಭವಿಷ್ಯವನ್ನೂ ನುಡಿದರು.

ಆಮೇಲೆ ಏನಾಯ್ತು? ಮೂರು ಸಾವಿರ ಪತ್ರಗಳನ್ನು ಜಾಕ್ಸನ್‌ವಿಲ್ ಅಂಚೆ ಕಚೇರಿಗೆ ಒಯ್ದು, ವಿಂಗಡಿಸಿ, ಮಾಮೂಲಿ ಟಪಾಲಿನ ಜೊತೆ ಕಳಿಸಿದರು. ಸಮುದ್ರವನ್ನು 22 ನಿಮಿಷದಲ್ಲಿ ದಾಟಿದ ಪತ್ರ ಮನೆ ಬಾಗಿಲಿಗೆ ಬಂದದ್ದು ಪೋಸ್ಟ್‌ಮ್ಯಾನ್ ಚೀಲದಲ್ಲೇ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಕ್ಷಿಪಣಿ ಟಪಾಲು ಮಾತ್ರ ಬರಲೇ ಇಲ್ಲ.

ಯಾಕೆ ಬರಲಿಲ್ಲ? ಲೆಕ್ಕ ಸರಳ. ಹಿಂದಿನ ವರ್ಷವೇ ಬೋಯಿಂಗ್ 707 ಜೆಟ್ ವಿಮಾನ ಅಟ್ಲಾಂಟಿಕ್ ದಾಟೋಕೆ ಶುರು ಮಾಡಿತ್ತು. ಪ್ರಯಾಣಿಕರ ಜೊತೆ ಮೂಟೆಗಟ್ಟಲೆ ಟಪಾಲು ಹೋಗ್ತಿರುವಾಗ, 4 ಸೆಂಟ್ ಚೀಟಿಯ ಪತ್ರಕ್ಕೆ ಕ್ಷಿಪಣಿ ಹಾರಿಸೋದು ಯಾರಿಗೆ ಕಟ್ಟುತ್ತೆ ಹೇಳಿ?

ಹಾಗಾದರೆ ಹಾರಿಸಿದ್ದೇಕೆ? ಅದು ಶೀತಲ ಸಮರದ ಕಾಲ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತ್ತು. ಅದೇ ಡಿಸೆಂಬರ್‌ನಲ್ಲಿ ಅಮೆರಿಕದ ವ್ಯಾನ್‌ಗಾರ್ಡ್ ರಾಕೆಟ್ ಇದೇ ಫ್ಲೋರಿಡಾದಲ್ಲಿ ನೆಲ ಬಿಟ್ಟ ಮರುಕ್ಷಣವೇ ಕುಸಿದು ಹೊತ್ತಿ ಉರಿದಿತ್ತು. ಪತ್ರವನ್ನು ರನ್‌ವೇ ಮೇಲೆ ಇಳಿಸಬಲ್ಲವರು ಬಾಂಬನ್ನು ಎಲ್ಲಿ ಬೇಕಾದರೂ ಇಳಿಸಬಲ್ಲರು ಅನ್ನೋ ಸಂದೇಶ ಹೋಗಬೇಕಿತ್ತು. ಲಕೋಟೆ ಮೇಲಿನ ವಿಳಾಸ ಯಾರದ್ದೇ ಇರಲಿ, ಪತ್ರ ತಲುಪಬೇಕಾಗಿದ್ದು ಮಾಸ್ಕೋಗೆ!

ಇದೇ ಆಲೋಚನೆ ನಮ್ಮ ನೆಲದಲ್ಲಿ ಅದಕ್ಕಿಂತ 25 ವರ್ಷ ಮೊದಲೇ ಹುಟ್ಟಿತ್ತು. ಕಲ್ಕತ್ತಾದ ಸ್ಟೀಫನ್ ಸ್ಮಿತ್ 1934ರಲ್ಲಿ ಹಡಗಿನಿಂದ ಸಾಗರ್ ದ್ವೀಪದ ಕಡೆಗೆ ರಾಕೆಟ್‌ನಲ್ಲಿ ಪತ್ರ ಹಾರಿಸಿದ್ದರು. ಮರುವರ್ಷ ಸಿಕ್ಕಿಂ ದೊರೆಯ ಬೆಂಬಲದಿಂದ ರಾಕೆಟ್‌ನಲ್ಲಿ ಪೊಟ್ಟಣಗಳನ್ನು ನದಿ ದಾಟಿಸಿದರು. ಆ ಪೊಟ್ಟಣಗಳು ಯಾರನ್ನೂ ಹೆದರಿಸೋಕೆ ಹೊರಟಿರಲಿಲ್ಲ. ಸ್ಮಿತ್ ನೆನಪಿಗೆ ಭಾರತ ಸರ್ಕಾರ 1992ರಲ್ಲಿ ಅಂಚೆ ಚೀಟಿ ತಂದಿದೆ. ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು?

ಬಾರ್ಬೆರೊ ಆಮೇಲೆ ಹವಾಯಿಯ ಪರ್ಲ್ ಹಾರ್ಬರ್‌ಗೆ ಹೋಯ್ತು. ಈ ಸಲ ಮೂತಿಯಲ್ಲಿ ನಿಜವಾದ ಅಣು ಸಿಡಿತಲೆ. ಆದರೆ ರೆಗ್ಯುಲಸ್ ಹಾರಿಸೋಕೆ ಹಡಗು ನೀರಿನ ಮೇಲೆ ಬರಲೇಬೇಕಿತ್ತು. ನೀರೊಳಗಿಂದಲೇ ಹಾರುವ ಪೊಲಾರಿಸ್ ಕ್ಷಿಪಣಿ ಬಂದ ಮೇಲೆ ಅದರ ಕಾಲ ಮುಗಿಯಿತು. 1964ರ ಜೂನ್‌ನಲ್ಲಿ ನಿವೃತ್ತಿ. ಅಕ್ಟೋಬರ್‌ನಲ್ಲಿ ಅಮೆರಿಕದ್ದೇ ಇನ್ನೊಂದು ಜಲಾಂತರ್ಗಾಮಿ, ಸ್ವೋರ್ಡ್‌ಫಿಶ್, ಗುರಿ ಅಭ್ಯಾಸಕ್ಕಾಗಿ ಬಾರ್ಬೆರೊವನ್ನು ಮುಳುಗಿಸಿತು.

ಹಡಗು ಸಮುದ್ರದ ತಳದಲ್ಲಿದೆ, ಲಕೋಟೆಗಳು ವಸ್ತುಸಂಗ್ರಹಾಲಯಗಳಲ್ಲಿ, ಹವ್ಯಾಸಿಗಳ ಆಲ್ಬಮ್‌ಗಳಲ್ಲಿ ಭದ್ರವಾಗಿವೆ. ಇವತ್ತೂ ಯಾವುದಾದರೂ ದೇಶ ಕ್ಷಿಪಣಿ ಪರೀಕ್ಷೆ ಮಾಡಿ 'ಇದು ಬರೀ ಪ್ರಯೋಗ' ಅಂದಾಗ ಈ ಲಕೋಟೆ ನೆನಪಿಸಿಕೊಳ್ಳಿ. ಮೇಲಿನ ವಿಳಾಸ ಓದಿ ಸುಮ್ಮನಾಗಬೇಡಿ, ನಿಜವಾಗಿ ಅದು ಯಾರಿಗೆ ಬರೆದ ಪತ್ರ ಅಂತ ಕೇಳಿ.