ಬೌಡನ್ ಕೇಬಲ್

ಬೌಡನ್ ಕೇಬಲ್: ಬಾಗುವ ಕವಚದೊಳಗೆ ಸರಿದಾಡುವ ಉಕ್ಕಿನ ಹುರಿತಂತಿಯ ಮೂಲಕ ಕೈಯ ಸೆಳೆತವನ್ನು ಬೈಸಿಕಲ್ಲಿನ ಬ್ರೇಕು, ಗೇರುಗಳಿಗೆ ಮುಟ್ಟಿಸುವ ಯಾಂತ್ರಿಕ ಸಾಧನ. ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ 1896ರಲ್ಲಿ ಬ್ರಿಟನ್ನಿನಲ್ಲಿ ಇದರ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ರ‍್ಯಾಲಿ ಸೈಕಲ್ ಕಂಪನಿಯ ಸ್ಥಾಪಕನಾದ ಫ್ರಾಂಕ್ ಬೌಡನ್ನನಿಗೆ ಈ ಕೀರ್ತಿಯನ್ನು ಆರೋಪಿಸುವುದು ನಾಮಸಾಮ್ಯದಿಂದ ಹುಟ್ಟಿದ ಭ್ರಮೆ. ಆದರೆ ಭಾರತದ ಸಾಂಪ್ರದಾಯಿಕ ಸೈಕಲ್ಲುಗಳಲ್ಲಿ ಕೇಬಲ್ಲಿನ ಬದಲು ಸರಳಿನ ಬ್ರೇಕೇ ಬಹುಕಾಲ ರೂಢಿಯಲ್ಲಿದ್ದಿತು.

ಬ್ರೇಕಿನ ಕವಚವು ಸುರುಳಿ ಸುತ್ತಿದ ಉಕ್ಕಿನ ತಂತಿಯಿಂದಲೂ, ಹಂತಹಂತವಾಗಿ ಸರಿಯುವ ಆಧುನಿಕ ಗೇರಿನ ಕವಚವು ಉದ್ದಕ್ಕೆ ಹಾಯ್ದ ಎಳೆಗಳಿಂದಲೂ ರಚಿತವಾಗಿರುವುದರಿಂದ, ಎರಡನೆಯದು ಕುಗ್ಗದೆ ಗೇರನ್ನು ನಿಖರವಾಗಿ ಸರಿಸಬಲ್ಲುದಾದರೂ ಬ್ರೇಕಿನ ಪ್ರಬಲ ಒತ್ತಡಕ್ಕೆ ಸೀಳಿಹೋಗುವ ಸಂಭವವುಂಟು. ಆದಕಾರಣ ಅದನ್ನು ಬ್ರೇಕಿಗೆ ಬಳಸತಕ್ಕದ್ದಲ್ಲ. ಒಳತಂತಿಯ ವ್ಯಾಸವು ಸಾಮಾನ್ಯವಾಗಿ ಬ್ರೇಕಿಗೆ 1.5 ಅಥವಾ 1.6, ಗೇರಿಗೆ 1.1 ಅಥವಾ 1.2 ಮಿಲಿಮೀಟರು.

ಹ್ಯಾಂಡಲ್ಲನ್ನು ಇಕ್ಕೆಲಕ್ಕೂ ಪೂರ್ಣವಾಗಿ ಹೊರಳಿಸಿದಾಗಲೂ ಬಿಗಿಯದಷ್ಟು ಉದ್ದವೂ, ಘರ್ಷಣೆಯನ್ನು ಹೆಚ್ಚಿಸದಂತಹ ಅಗಲವಾದ ಬಾಗುಗಳೂ ಕವಚದ ಹಾಯಿಕೆಗೆ ಅವಶ್ಯಕ. ಕತ್ತರಿಸಿದ ಕವಚದ ಬಾಯಿಯನ್ನು ಅರದಿಂದ ಉಜ್ಜಿ ಸಮಗೊಳಿಸದಿದ್ದರೆ ಅದು ಬ್ರೇಕು ಹಿಡಿದಾಗಲೆಲ್ಲ ಕುಸಿದು, ಹಿಡಿ ಸಡಿಲವಾದಂತೆ ತೋರುವುದು. ಒಳತಂತಿಯ ತುದಿಗೆ ಲೋಹದ ಟೊಪ್ಪಿಗೆಯನ್ನು ಅದುಮದಿದ್ದಲ್ಲಿ ಎಳೆಗಳು ಬಿಚ್ಚಿಕೊಳ್ಳುವುವು. ಹಿಡಿಯ ಸಮೀಪದಲ್ಲಿ ಒಂದೇ ಎಳೆ ತುಂಡಾಗಿದ್ದರೂ ತಂತಿಯನ್ನು ಬದಲಿಸತಕ್ಕದ್ದು.