ಬೀದಿಗಳ ಕೂಟ

ಮಯಮತ, ಮಾನಸಾರ ಮೊದಲಾದ ಶಿಲ್ಪಗ್ರಂಥಗಳಲ್ಲಿ ಊರಿನ ಬೀದಿಗಳಿಗೆ ಬೇರೆಬೇರೆ ಹೆಸರುಗಳುಂಟು. ಊರನ್ನು ಸುತ್ತಿ ಬರುವ ಬೀದಿಯು ಮಂಗಳವೀಥಿ ಎನಿಸಿಕೊಳ್ಳುವುದು. ಪಾಠಶಾಲೆಯಲ್ಲಿ ಈ ಹೆಸರನ್ನು ಕೇಳಿದಾಗ ಅದರ ಪ್ರಯೋಜನವು ನನಗೆ ತಿಳಿಯಲಿಲ್ಲ. ಬೇಲೂರಿನ ತೇರನ್ನು ಕಂಡಮೇಲೆ ತಿಳಿಯಿತು.

ತೇರಿಗೆ ಹಿಂದಕ್ಕೆ ನಡೆಯುವ ವಿದ್ಯೆಯು ಬಾರದು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆಮಾಡಿಸಿದ ಚೆನ್ನಕೇಶವನ ರಥವು ಗುಡಿಯನ್ನು ಬಳಸಿ ಬರಬೇಕಾದರೆ ಬೀದಿಯು ಬೀದಿಯೊಡನೆ ಕೂಡಿರಲೇಬೇಕು. ಈ ಕೂಟದಿಂದ ದೇವರಿಗೆ ಮಾತ್ರವಲ್ಲ, ನೀರು ಹೊರುವ ಹೆಂಗಸಿಗೂ ಬಳೆಗಾರನಿಗೂ ಉಪಕಾರವಾಯಿತು. ಒಂದು ದಾರಿಯು ಕಟ್ಟಿದರೆ ಇನ್ನೊಂದುಂಟು. ಇಲ್ಲಿನ ಗೋಪುರವು ಸುಟ್ಟುಹೋಗಿ, 1397ರಲ್ಲಿ ಗುಂಡ ದಂಡನಾಯಕನು ಅದನ್ನು ಮರಳಿ ಎತ್ತಿಸಿದನು. ಗೋಪುರವನ್ನು ಹಾಗೆ ಎತ್ತಿಸಬಹುದು. ಮನೆಗಳು ಎದ್ದು ನಿಂತಮೇಲೆ ಬೀದಿಯನ್ನು ತಿದ್ದುವುದು ದುಸ್ಸಾಧ್ಯ.

ಹಳೇಬೀಡಿನದು ಬೇರೆ ಕಥೆ. 1311ರಲ್ಲಿ ಮಲ್ಲಿಕಾಫರನ ದಂಡು, 1327ರ ಸುಮಾರಿನಲ್ಲಿ ತುಘಲಕನ ದಂಡು ಬಂದುಹೋದಮೇಲೆ ರಾಜಧಾನಿಯು ಹಳ್ಳಿಯಾಯಿತು, ಕೋಟೆಯೊಳಗೆ ಹೊಲಗಳಾದುವು. ಅರಸೀಕೆರೆಯಲ್ಲಿಯಾದರೋ ಹೊಲಗಳೇ ಊರಾಗುತ್ತಿವೆ.

ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಹೆಸರಾದ ಈ ಊರನ್ನು ಬೆಳೆಯಿಸಿದುದು ರೈಲು. 1880ರ ದಶಕದಲ್ಲಿ ಬೆಂಗಳೂರು–ಹರಿಹರದ ದಾರಿಯು ಬಂದಿತು. 1918ರ ಸುಮಾರಿಗೆ ಮೈಸೂರಿನ ಹಳಿಯೂ ಹಾಸನದ ಮೇಲಾಗಿ ಬಂದು ಕೂಡಿತು. ದೂರದ ಊರುಗಳು ನೆರೆಯಾದುವು. ಹಳಿಯಾಚೆಯ ನೆರೆಯವನು ದೂರವಾದನು.

ಈಗಿನ ಬಡಾವಣೆಗಳಿಗೆ ಹಳಿಯೂ ಬೇಕಿಲ್ಲ. ಒಬ್ಬನ ಹೊಲವು ಒಂದು ಬಡಾವಣೆ. ಒಳಗಣ ಬೀದಿಗಳು ಅವನ ಎಲ್ಲೆಯಲ್ಲಿಯೇ ನಿಲ್ಲುವುವು. ಹೆದ್ದಾರಿಗೆ ಒಂದೇ ಬಾಯಿ. ಪಕ್ಕದ ಹೊಲದವನೂ ಹಾಗೆಯೇ ಮಾಡುವನು; ನಡುವಣ ಬದುವು ಗೋಡೆಯಾಗುವುದು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದವರು ಮೋಟಾರನ್ನು ನಂಬಿ ಕೊನೆಮುಚ್ಚಿದ ಬೀದಿಗಳನ್ನು ಬಯಸಿಯೇ ಹಾಕಿದರು. ನಾವು ಬಯಸದೆಯೇ ಹಾಕುತ್ತಿರುವೆವು.

ಕಳೆದ ಶ್ರಾವಣದಲ್ಲಿ ಅಂಥದೊಂದು ಬಡಾವಣೆಗೆ ಹಳೆಯ ಶಿಷ್ಯನ ಮನೆಯನ್ನರಸಿ ಹೋದೆನು. ಮನೆಯು ಗೋಡೆಯಾಚೆ ಕಾಣುತ್ತಿದ್ದಿತು. ಶಿಷ್ಯನು ಮಾಳಿಗೆಯಿಂದ, "ಮೇಷ್ಟ್ರೇ, ಅಲ್ಲಿ ದಾರಿಯಿಲ್ಲ, ಹೆದ್ದಾರಿಗೆ ಹೋಗಿ ಸುತ್ತಿಕೊಂಡು ಬನ್ನಿ" ಎಂದು ಕೂಗಿದನು. ಕೂಗಿದರೆ ಕೇಳುವ ಮನೆಗೆ, ಲಾರಿಗಳ ಮಗ್ಗುಲಲ್ಲಿ ಅರ್ಧ ಗಂಟೆ ನಡೆದೆನು. ಅವನ ಮೊಮ್ಮಗಳು ಶಾಲೆಗೆ ದಿನವೂ ಅದೇ ದಾರಿಯಲ್ಲಿ ಹೋಗುವಳಂತೆ.

ನಕ್ಷೆಗೆ ಒಪ್ಪಿಗೆ ಕೊಡುವಾಗಲೇ ಪಕ್ಕದ ಹೊಲದ ಕಡೆಗೆ ಒಂದೆರಡು ಬೀದಿಗಳ ತುದಿಯನ್ನು ತೆರೆದಿಡಿಸಿದರೆ ಸಾಕು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಶಿಷ್ಯನ ಮನೆಯ ಹಿಂದಣ ಹೊಲದಲ್ಲಿ ಈಗಾಗಲೇ ಎಲ್ಲೆಕಲ್ಲುಗಳನ್ನು ನೆಟ್ಟಿರುವರು. ಅಲ್ಲಿ ಗೋಡೆಯು ಇನ್ನೂ ಎದ್ದಿಲ್ಲ.